ಸೋಲರ್‌ಕ್ಲೌಡ್ ಕ್ಲಸ್ಟರ್‌ಗೆ ಕಾನ್ಫಿಗ್ ಫೈಲು ಹಾಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಸರ್ವರ್‌ನಲ್ಲಿ ಹುಡುಕಾಟದ ತಂತ್ರಾಂಶ ಅಪಾಚೆ ಸೋಲರ್ ಓಡಿಸುತ್ತಿದ್ದವರು ಹಲವು ಸರ್ವರ್‌ಗಳ ಕ್ಲಸ್ಟರ್‌ಗೆ ಬಂದ ಕೂಡಲೇ ಎಡವುವುದು ಕಾನ್ಫಿಗ್ ಫೈಲುಗಳ ವಿಷಯದಲ್ಲಿ. ಮೊದಲು ಸರ್ವರ್‌ಗೆ ಲಾಗಿನ್ ಆಗಿ, ಫೈಲು ತೆರೆದು ತಿದ್ದಿ, ಸೋಲರ್ ರೀಸ್ಟಾರ್ಟ್ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಕ್ಲಸ್ಟರ್‌ನಲ್ಲಿ ಹಾಗೆ ಮಾಡಿದರೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಅರ್ಧ ಆಗುತ್ತದೆ, ಅದು ಇನ್ನೂ ಕಷ್ಟ. ಹೊಸದಾಗಿ ಸೇರಿದ ಸಹೋದ್ಯೋಗಿಗಳು ನನ್ನನ್ನು ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಸೋಲರ್‌ಕ್ಲೌಡ್‌ನಲ್ಲಿ ಕಾನ್ಫಿಗ್ ಫೈಲುಗಳು ಇರುವುದು ಎಲ್ಲಿ?

ಝೂಕೀಪರ್‌ನಲ್ಲಿ, ಅಂದರೆ ಕ್ಲಸ್ಟರ್‌ನ ಎಲ್ಲ ಸರ್ವರ್‌ಗಳಿಗೂ ಬೇಕಾದ ಮಾಹಿತಿಯನ್ನು ಒಂದೇ ಕಡೆ ಇಡುವ ಬೇರೆ ತಂತ್ರಾಂಶದಲ್ಲಿ. ಸೋಲರ್ 4.0 ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಸೋಲರ್ ಅನ್ನು ಕ್ಲಸ್ಟರ್ ಆಗಿ ಓಡಿಸುವ ಸೋಲರ್‌ಕ್ಲೌಡ್ ಎಂಬ ವ್ಯವಸ್ಥೆ ಬಂದದ್ದೂ ಅದರ ಜೊತೆಗೇ. ಅದರಲ್ಲಿ ಇಂಡೆಕ್ಸ್ (ಹುಡುಕಲು ಸಿದ್ಧಪಡಿಸಿದ ಪಟ್ಟಿ) ಮಾತ್ರ ಆಯಾ ನೋಡ್‌ನ, ಅಂದರೆ ಕ್ಲಸ್ಟರ್‌ನ ಒಂದೊಂದು ಸರ್ವರ್‌ನ, ಡಿಸ್ಕಿನಲ್ಲಿ ಇರುತ್ತದೆ. ಕಲೆಕ್ಷನ್ (ಒಟ್ಟಿಗೆ ಹುಡುಕುವ ಡಾಕ್ಯುಮೆಂಟ್‌ಗಳ ಗುಂಪು) ಹೇಗೆ ನಡೆಯಬೇಕು ಎಂದು ಹೇಳುವ ಫೈಲುಗಳು ಝೂಕೀಪರ್‌ನ ಒಳಗೆ, ‘ಕಾನ್ಫಿಗ್ಸ್’ ಎಂಬ ಹಾದಿಯ ಕೆಳಗೆ ಇರುತ್ತವೆ. ಹತ್ತು ನೋಡ್ ಇದ್ದರೂ ಫೈಲಿನ ಪ್ರತಿ ಒಂದೇ. ಯಾವ ನೋಡ್ ಮೇಲೆ ಆ ಕಲೆಕ್ಷನ್‌ನ ರೆಪ್ಲಿಕಾ (ನಕಲು) ಏಳುತ್ತದೋ ಆ ನೋಡ್ ಅಲ್ಲಿಂದ ಓದಿಕೊಳ್ಳುತ್ತದೆ.

ಹಾಗಾಗಿ ಸರ್ವರ್‌ನ ಡಿಸ್ಕಿನಲ್ಲಿ ಕಾಣುವ ಕಾನ್ಫಿಗ್ ಫೋಲ್ಡರ್ ತಿದ್ದಿ ಪ್ರಯೋಜನವಿಲ್ಲ. ಅದು ಅಪ್‌ಲೋಡ್‌ಗೆ ಮುಂಚಿನ ಕಚ್ಚಾ ಪ್ರತಿ ಅಷ್ಟೇ.

ಕಾನ್ಫಿಗ್‌ಸೆಟ್ ಅಂದರೆ ಏನು?

ಒಂದು ಹೆಸರಿನ ಕೆಳಗೆ ಕಟ್ಟಿಟ್ಟ ಫೈಲುಗಳ ಗಂಟು. ಸೋಲರ್‌ಕಾನ್ಫಿಗ್.ಎಕ್ಸ್‌ಎಂಎಲ್, ಯಾವ ಫೀಲ್ಡ್ ಯಾವ ಬಗೆಯದು ಎಂದು ಹೇಳುವ ಸ್ಕೀಮಾ ಫೈಲು, ಹುಡುಕಾಟದಲ್ಲಿ ಬಿಟ್ಟುಬಿಡುವ ಪದಗಳ (ಸ್ಟಾಪ್‌ವರ್ಡ್) ಪಟ್ಟಿ, ಸಮಾನಪದಗಳ ಪಟ್ಟಿ, ಭಾಷೆಗಳ ಫೈಲುಗಳಿರುವ ‘ಲ್ಯಾಂಗ್’ ಫೋಲ್ಡರ್, ಎಲ್ಲ ಇದರಲ್ಲೇ. ಸ್ಕೀಮಾ ಫೈಲಿನ ಹೆಸರು ಮೊದಲು ಬರೀ ಮ್ಯಾನೇಜ್ಡ್-ಸ್ಕೀಮಾ ಎಂದಿತ್ತು. ಸೋಲರ್ 9ರಿಂದ ಅದಕ್ಕೆ ಡಾಟ್ ಎಕ್ಸ್‌ಎಂಎಲ್ ಎಂಬ ಬಾಲ ಸೇರಿದೆ.

ಕಲೆಕ್ಷನ್ ಮಾಡುವಾಗ ಯಾವ ಕಾನ್ಫಿಗ್‌ಸೆಟ್ ಎಂದು ನೀವು ಹೇಳಬೇಕು. ಹೇಳದಿದ್ದರೆ ಸೋಲರ್ ತನ್ನ ‘_ಡಿಫಾಲ್ಟ್’ ಸೆಟ್‌ನ ಒಂದು ನಕಲು ಮಾಡಿ, ಕಲೆಕ್ಷನ್ ಹೆಸರಿನ ಕೊನೆಗೆ ‘ಆಟೋಕ್ರಿಯೇಟೆಡ್’ ಎಂದು ಸೇರಿಸಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಫೀಲ್ಡ್‌ಗಳ ಬಗೆಯನ್ನು ಊಹಿಸುವ ಸೌಲಭ್ಯ ಚಾಲೂ ಇರುತ್ತದೆ. ಕಲಿಯುವಾಗ ಅನುಕೂಲ. ಪ್ರೊಡಕ್ಷನ್‌ನಲ್ಲಿ ಬೇಡ. ಮೊದಲ ಡಾಕ್ಯುಮೆಂಟ್‌ನಲ್ಲಿ ಪಿನ್‌ಕೋಡ್ ಸಂಖ್ಯೆ ಎಂದು ಊಹಿಸಿಬಿಟ್ಟರೆ, ಮುಂದೆ ಅದೇ ಜಾಗದಲ್ಲಿ ಅಕ್ಷರ ಬಂದ ಡಾಕ್ಯುಮೆಂಟ್ ಒಳಗೆ ಹೋಗುವುದೇ ಇಲ್ಲ.

ಹಾಕುವ ದಾರಿಗಳು ಎಷ್ಟಿವೆ? ಯಾವುದನ್ನು ಹಿಡಿಯಲಿ?

ಮುಖ್ಯವಾಗಿ ಮೂರು. ಒಂದು, ಸೋಲರ್ ಜೊತೆಗೇ ಬರುವ ಕಮಾಂಡ್‌ನಿಂದ ನೇರವಾಗಿ ಝೂಕೀಪರ್‌ಗೆ ಅಪ್‌ಲೋಡ್. ಎರಡು, ಕಾನ್ಫಿಗ್‌ಸೆಟ್ ಎಪಿಐ (ಸೋಲರ್‌ಗೆ ಎಚ್‌ಟಿಟಿಪಿ ಕೋರಿಕೆ ಕಳಿಸುವ ದಾರಿ) ಮೂಲಕ ಜಿಪ್ ಕಳಿಸುವುದು. ಮೂರು, ಸ್ಕೀಮಾ ಎಪಿಐ ಮತ್ತು ಕಾನ್ಫಿಗ್ ಎಪಿಐಯಿಂದ ಒಂದೊಂದೇ ಬದಲಾವಣೆ ಮಾಡುವುದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಫೈಲುಗಳು ಗಿಟ್‌ನಲ್ಲಿ (ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಇರಲಿ. ಅಲ್ಲಿಂದ ಮೊದಲ ಎರಡು ದಾರಿಗಳಲ್ಲಿ ಒಂದನ್ನು ಹಿಡಿದು ಇಡೀ ಸೆಟ್ ಕಳಿಸಿ. ನಿಮ್ಮ ಬಿಲ್ಡ್ ಸರ್ವರ್‌ಗೆ ಝೂಕೀಪರ್‌ನ 2181 ಪೋರ್ಟ್ ತೆರೆದಿದ್ದರೆ ಕಮಾಂಡ್ ಸಾಕು. ನೆಟ್‌ವರ್ಕ್ ತಂಡದವರು ಝೂಕೀಪರ್ ಮುಟ್ಟಲು ಬಿಡದಿದ್ದರೆ ಎಪಿಐ. ಅದು ಸೋಲರ್‌ನ 8983 ಪೋರ್ಟ್‌ನಲ್ಲೇ ನಡೆಯುತ್ತದೆ, ಲಾಗಿನ್ ಮತ್ತು ಅನುಮತಿಗಳೂ ಅನ್ವಯವಾಗುತ್ತವೆ.

ಕಮಾಂಡ್‌ನಿಂದ ಹಾಕುವಾಗ ಏನು ನೋಡಿಕೊಳ್ಳಬೇಕು?

ಸೋಲರ್‌ನ ‘ಬಿನ್’ ಫೋಲ್ಡರ್‌ನಲ್ಲಿರುವ ಸೋಲರ್ ಕಮಾಂಡ್‌ಗೆ ‘ಝಡ್‌ಕೆ ಅಪ್‌ಕಾನ್ಫಿಗ್’ ಎಂಬ ಉಪಕಮಾಂಡ್ ಇದೆ. ಅದಕ್ಕೆ ಮೂರು ವಿಷಯ ಹೇಳಬೇಕು: ‘ಎನ್’ ಆಯ್ಕೆಯಲ್ಲಿ ಕಾನ್ಫಿಗ್‌ಸೆಟ್‌ನ ಹೆಸರು, ‘ಡಿ’ಯಲ್ಲಿ ನಿಮ್ಮ ಫೋಲ್ಡರ್, ‘ಝಡ್’ನಲ್ಲಿ ಝೂಕೀಪರ್ ವಿಳಾಸ. ಇದರ ಉಲ್ಟಾ ಕೆಲಸಕ್ಕೆ ‘ಡೌನ್‌ಕಾನ್ಫಿಗ್’ ಇದೆ. ಒಂದೇ ಫೈಲು ಸಾಗಿಸಲು ‘ಸಿಪಿ’, ಏನಿದೆ ಎಂದು ನೋಡಲು ‘ಎಲ್ಎಸ್’.

ಎಲ್ಲಕ್ಕಿಂತ ಜಾಸ್ತಿ ತಪ್ಪುವುದು ಝೂಕೀಪರ್ ವಿಳಾಸದಲ್ಲಿ. ತುಂಬಾ ಕಡೆ ಸೋಲರ್‌ನ ಮಾಹಿತಿಯನ್ನು ಝೂಕೀಪರ್‌ನ ಬೇರಿನಲ್ಲಿ ಇಡದೆ, ‘/ಸೋಲರ್’ ಎಂಬ ಕೊಂಬೆಯ ಕೆಳಗೆ ಇಟ್ಟಿರುತ್ತಾರೆ. ಇದಕ್ಕೆ ಸಿಎಚ್‌ರೂಟ್ ಎನ್ನುತ್ತಾರೆ. ವಿಳಾಸದ ಕೊನೆಯಲ್ಲಿ ಅದನ್ನು ಸೇರಿಸುವುದು ಮರೆತರೂ ಅಪ್‌ಲೋಡ್ ಯಶಸ್ವಿಯಾಗಿಯೇ ಮುಗಿಯುತ್ತದೆ. ಫೈಲುಗಳು ಮಾತ್ರ ಸೋಲರ್ ನೋಡದ ಜಾಗದಲ್ಲಿ ಕೂತಿರುತ್ತವೆ. ಮೂರು ಝೂಕೀಪರ್ ಸರ್ವರ್ ಇದ್ದರೆ ಮೂರನ್ನೂ ಅಲ್ಪವಿರಾಮ ಹಾಕಿ ಬರೆದು, ಸಿಎಚ್‌ರೂಟನ್ನು ಕೊನೆಗೆ ಒಂದೇ ಸಲ ಬರೆಯಬೇಕು. ಪ್ರತಿ ಸರ್ವರ್‌ನ ಮುಂದೆ ಬರೆಯಬಾರದು.

ಎಪಿಐ ಮೂಲಕ ಜಿಪ್ ಕಳಿಸಿದೆ. ಫೈಲೇ ಸಿಗುತ್ತಿಲ್ಲ ಎನ್ನುತ್ತಿದೆಯಲ್ಲ?

ಜಿಪ್ ಬಿಚ್ಚಿ ನೋಡಿ. ಫೋಲ್ಡರ್ ಅನ್ನೇ ಜಿಪ್ ಮಾಡಿದರೆ ಫೈಲುಗಳು ಒಂದು ಮೆಟ್ಟಿಲು ಒಳಗೆ ಹೋಗಿಬಿಡುತ್ತವೆ. ಫೋಲ್ಡರ್‌ನ ಒಳಗೆ ಹೋಗಿ, ಅಲ್ಲಿಂದ ಜಿಪ್ ಮಾಡಬೇಕು. ಸೋಲರ್‌ಕಾನ್ಫಿಗ್.ಎಕ್ಸ್‌ಎಂಎಲ್ ಜಿಪ್‌ನ ಮೇಲಿನ ಹಂತದಲ್ಲೇ ಕಾಣಬೇಕು.

ಇನ್ನೊಂದು ವಿಷಯ. ಅದೇ ಹೆಸರಿನ ಸೆಟ್ ಈಗಾಗಲೇ ಇದ್ದರೆ ಏನಾಗುತ್ತದೆ ಎಂಬುದು ನೀವು ಎಪಿಐಯ ಯಾವ ತಲೆಮಾರು ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ. ಹಳೆಯ ವಿ1ರಲ್ಲಿ ‘ಓವರ್‌ರೈಟ್’ ಎಂದು ಹೇಳದಿದ್ದರೆ ಕೋರಿಕೆ ಸೋಲುತ್ತದೆ. ವಿ2ರಲ್ಲಿ ಹೇಳದಿದ್ದರೂ ಮೇಲೆ ಬರೆದುಬಿಡುತ್ತದೆ. ಸ್ಕ್ರಿಪ್ಟಿನಲ್ಲಿ ಯಾವಾಗಲೂ ಬಾಯಿಬಿಟ್ಟು ಹೇಳಿ, ಊಹೆಗೆ ಬಿಡಬೇಡಿ.

ಅಪ್‌ಲೋಡ್ ಆಯಿತು. ಬದಲಾವಣೆ ಕಾಣುತ್ತಿಲ್ಲ. ಯಾಕೆ?

ಅಪ್‌ಲೋಡ್ ಬೇರೆ, ರೀಲೋಡ್ ಬೇರೆ. ಇದೊಂದು ಮನಸ್ಸಿನಲ್ಲಿ ಕೂತರೆ ಅರ್ಧ ತೊಂದರೆ ಕಳೆದಂತೆ. ಝೂಕೀಪರ್‌ಗೆ ಫೈಲು ತಲುಪಿತು ಎಂದರೆ ಅದು ಕಪಾಟಿಗೆ ಬಂತು ಅಷ್ಟೇ. ಓಡುತ್ತಿರುವ ರೆಪ್ಲಿಕಾಗಳು ತಾವು ಏಳುವಾಗ ಓದಿದ್ದನ್ನೇ ಇಟ್ಟುಕೊಂಡಿರುತ್ತವೆ. ಕಲೆಕ್ಷನ್ಸ್ ಎಪಿಐಯಲ್ಲಿ ಆ ಕಲೆಕ್ಷನ್ ಹೆಸರು ಕೊಟ್ಟು ರೀಲೋಡ್ ಎಂದಾಗ ಮಾತ್ರ ಎಲ್ಲ ರೆಪ್ಲಿಕಾಗಳೂ ಹೊಸದನ್ನು ಓದುತ್ತವೆ.

ಮರೆತರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ದಿನಸಿ ಮಾರುವ ಒಂದು ಆ್ಯಪ್‌ನ ಹುಡುಕಾಟ ನಮ್ಮ ತಂಡದ ಕೈಯಲ್ಲಿತ್ತು. ಉತ್ತರ ಕರ್ನಾಟಕದವರು ಉಳ್ಳಾಗಡ್ಡಿ ಎನ್ನುತ್ತಾರೆ, ಕರಾವಳಿಯವರು ನೀರುಳ್ಳಿ ಎನ್ನುತ್ತಾರೆ, ನಮ್ಮ ಪಟ್ಟಿಯಲ್ಲಿ ಇದ್ದದ್ದು ಈರುಳ್ಳಿ ಮಾತ್ರ. ಮೂರನ್ನೂ ಒಂದೇ ಸಾಲಿಗೆ ತಂದು ಸಮಾನಪದಗಳ ಫೈಲು ಅಪ್‌ಲೋಡ್ ಮಾಡಿದೆ. ಅಷ್ಟರಲ್ಲಿ ಬೇರೆ ಕೆಲಸ ಬಂತು, ರೀಲೋಡ್ ಮಾಡಲಿಲ್ಲ. ಕೆಲವು ದಿನಗಳ ಮೇಲೆ ಒಂದು ನೋಡ್ ತಾನಾಗಿ ರೀಸ್ಟಾರ್ಟ್ ಆಯಿತು. ಆ ನೋಡ್‌ನ ರೆಪ್ಲಿಕಾ ಹೊಸ ಪಟ್ಟಿ ಓದಿಕೊಂಡು ಎದ್ದಿತು. ಉಳಿದವು ಹಳೆಯದರಲ್ಲೇ ಇದ್ದವು. ಉಳ್ಳಾಗಡ್ಡಿ ಎಂದು ಹುಡುಕಿದರೆ ಒಮ್ಮೆ ಸಿಗುತ್ತದೆ, ಪುಟ ಮತ್ತೆ ತೆರೆದರೆ ಇಲ್ಲ. ಗ್ರಾಹಕರ ದೂರು ಬಂದಾಗ ನಾವು ಕ್ಯಾಶೆ, ಲೋಡ್ ಬ್ಯಾಲೆನ್ಸರ್, ಆ್ಯಪ್‌ನ ಕೋಡ್ ಎಲ್ಲ ತಡಕಾಡಿದೆವು. ಎರಡು ದಿನ ಹೋಯಿತು. ಅಂದಿನಿಂದ ನಮ್ಮ ಸ್ಕ್ರಿಪ್ಟಿನಲ್ಲಿ ಅಪ್‌ಲೋಡ್ ಮತ್ತು ರೀಲೋಡ್ ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತವೆ.

ಇನ್ನೊಂದು ಎಚ್ಚರಿಕೆ. ಅಡ್ಮಿನ್ ಪುಟದ ‘ಫೈಲ್ಸ್’ ಭಾಗದಲ್ಲಿ ಹೊಸ ಫೈಲು ಕಾಣುತ್ತಿದೆ ಎಂದು ನಂಬಬೇಡಿ. ಅದು ಝೂಕೀಪರ್‌ನಿಂದ ಓದಿ ತೋರಿಸುತ್ತದೆ. ನಿಜವಾಗಿ ಏನು ಓಡುತ್ತಿದೆ ಎಂದು ತಿಳಿಯಲು ‘ಅನಾಲಿಸಿಸ್’ ಪುಟದಲ್ಲಿ ಪದ ಕೊಟ್ಟು ನೋಡಿ. ಅನುಮಾನವಿದ್ದರೆ ಒಂದೊಂದು ರೆಪ್ಲಿಕಾದ ಕೋರ್‌ನಲ್ಲೂ (ನೋಡ್ ಮೇಲೆ ಆ ರೆಪ್ಲಿಕಾ ಓಡುವ ಘಟಕ) ಬೇರೆ ಬೇರೆಯಾಗಿ ನೋಡಿ.

ರೀಲೋಡ್ ಮಾಡಿದರೆ ಹುಡುಕಾಟ ನಿಂತುಹೋಗುತ್ತದಾ?

ಇಲ್ಲ. ಹೊಸ ಕೋರ್ ಸಿದ್ಧವಾಗುವ ತನಕ ಹಳೆಯದು ಉತ್ತರ ಕೊಡುತ್ತಿರುತ್ತದೆ. ಕ್ಯಾಶೆಗಳು ಹೊಸದಾಗಿ ತುಂಬಬೇಕಾದ್ದರಿಂದ ಸ್ವಲ್ಪ ಹೊತ್ತು ನಿಧಾನ ಅನ್ನಿಸಬಹುದು. ಜನ ಜಾಸ್ತಿ ಇರುವ ಹೊತ್ತು ಬಿಟ್ಟು ಮಾಡಿ.

ಹೊಸ ಕಾನ್ಫಿಗ್‌ನಲ್ಲಿ ತಪ್ಪಿದ್ದರೆ ರೀಲೋಡ್ ಸೋಲುತ್ತದೆ, ಹಳೆಯ ಕೋರ್ ಮುಂದುವರಿಯುತ್ತದೆ. ಆದರೆ ಎಪಿಐ ಕೊಟ್ಟ ಉತ್ತರವನ್ನು ಓದದೆ ಬಿಟ್ಟರೆ, ಒಡೆದ ಫೈಲು ಝೂಕೀಪರ್‌ನಲ್ಲಿ ಹಾಗೇ ಕೂತಿರುತ್ತದೆ. ಮುಂದೆ ಯಾವತ್ತೋ ನೋಡ್ ರೀಸ್ಟಾರ್ಟ್ ಆದಾಗ ಆ ಕೋರ್ ಏಳುವುದೇ ಇಲ್ಲ. ಸ್ಕ್ರಿಪ್ಟು ಆ ಉತ್ತರದಲ್ಲಿ ಸೋಲಿನ ಸುದ್ದಿ ಇದೆಯೇ ಎಂದು ನೋಡಲೇಬೇಕು.

ರೀಲೋಡ್ ಸಾಕಾ, ಇಲ್ಲ ರೀಇಂಡೆಕ್ಸ್ ಬೇಕಾ?

ಬದಲಾವಣೆ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತದೆ ಎಂದು ಕೇಳಿಕೊಳ್ಳಿ. ಹುಡುಕುವ ಹೊತ್ತಿಗೆ ಮಾತ್ರ ತಾಗುವುದಾದರೆ ರೀಲೋಡ್ ಸಾಕು. ಕ್ಯಾಶೆಯ ಗಾತ್ರ, ಹುಡುಕಾಟದ ಹ್ಯಾಂಡ್ಲರ್, ಕ್ವೆರಿ ಕಡೆಯ ಅನಲೈಜರ್‌ನಲ್ಲಿ (ಪಠ್ಯವನ್ನು ಒಡೆದು ಸಂಸ್ಕರಿಸುವ ಭಾಗ) ಇಟ್ಟ ಸಮಾನಪದಗಳು ಇಂಥವು.

ಡಾಕ್ಯುಮೆಂಟ್ ಒಳಗೆ ಹೋಗುವಾಗ ಕೆಲಸ ಮಾಡುವಂಥದ್ದಾದರೆ ರೀಇಂಡೆಕ್ಸ್, ಅಂದರೆ ಡಾಕ್ಯುಮೆಂಟ್‌ಗಳನ್ನೆಲ್ಲ ಮತ್ತೆ ಒಳಗೆ ಹಾಕುವುದು, ಬೇಕು. ಇಂಡೆಕ್ಸ್ ಕಡೆಯ ಸ್ಟಾಪ್‌ವರ್ಡ್, ಪಠ್ಯವನ್ನು ಪದಗಳಾಗಿ ಒಡೆಯುವ ಟೋಕನೈಜರ್, ಫೀಲ್ಡ್‌ನ ಬಗೆ, ವಿಂಗಡಣೆಗೆ ಬಳಸುವ ಡಾಕ್‌ವ್ಯಾಲ್ಯೂಸ್ ಎಲ್ಲ ಈ ಸಾಲಿಗೆ ಸೇರುತ್ತವೆ. ಹಳೆಯ ಡಾಕ್ಯುಮೆಂಟ್‌ಗಳು ಹಳೆಯ ನಿಯಮದಲ್ಲಿ ಕೂತಿವೆ, ಹೊಸವು ಹೊಸ ನಿಯಮದಲ್ಲಿ ಬರುತ್ತವೆ. ಸೋಲರ್ ಯಾವ ದೋಷವನ್ನೂ ಹೇಳದೇ ಇರಬಹುದು, ಫಲಿತಾಂಶ ಮಾತ್ರ ಕೆಡುತ್ತದೆ. ಫೀಲ್ಡ್‌ನ ಬಗೆಯನ್ನೇ ಬದಲಿಸುತ್ತಿದ್ದರೆ ಇರುವ ಕಲೆಕ್ಷನ್ ಮೇಲೆ ಮತ್ತೆ ಬರೆಯುವುದಕ್ಕಿಂತ, ಹೊಸ ಕಲೆಕ್ಷನ್ ಮಾಡಿ ಅದಕ್ಕೆ ತುಂಬುವುದು ಒಳ್ಳೆಯದು.

ಮೂರನೆಯ ಗುಂಪೊಂದು ಇದೆ. ಡೇಟಾ ಡೈರೆಕ್ಟರಿಯ ಜಾಗ, ಇಂಡೆಕ್ಸ್ ರೈಟರ್‌ಗೆ ಸೇರಿದ ಕೆಲವು ಸೆಟ್ಟಿಂಗ್‌ಗಳು ಬರೀ ರೀಲೋಡ್‌ಗೆ ಬಗ್ಗುವುದಿಲ್ಲ. ಅವಕ್ಕೆ ನೋಡ್ ರೀಸ್ಟಾರ್ಟ್ ಮಾಡಿ, ಒಂದಾದ ಮೇಲೆ ಒಂದರಂತೆ.

ಗಿಟ್‌ನಲ್ಲಿ ಅಳಿಸಿದ ಫೈಲು ಝೂಕೀಪರ್‌ನಲ್ಲಿ ಇನ್ನೂ ಇದೆ. ಇದು ಸರಿಯಾ?

ಅಪ್‌ಕಾನ್ಫಿಗ್ ಇರುವ ಫೈಲಿನ ಮೇಲೆ ಬರೆಯುತ್ತದೆ, ಹೊಸದನ್ನು ಸೇರಿಸುತ್ತದೆ. ನಿಮ್ಮ ಫೋಲ್ಡರ್‌ನಲ್ಲಿ ಇಲ್ಲದ್ದನ್ನು ಅಲ್ಲಿಂದ ತೆಗೆಯುವುದಿಲ್ಲ. ಎಪಿಐಯಲ್ಲಿ ‘ಕ್ಲೀನಪ್’ ಎಂಬ ಆಯ್ಕೆ ಕೊಟ್ಟರೆ ಉಳಿದುಹೋದದ್ದನ್ನು ಅಳಿಸುತ್ತದೆ.

ಇದರಿಂದ ಬರುವ ಒಂದು ದೊಡ್ಡ ತೊಂದರೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರೋ ಒಮ್ಮೆ ಕಾನ್ಫಿಗ್ ಎಪಿಐ ಬಳಸಿ ಒಂದು ಸೆಟ್ಟಿಂಗ್ ಬದಲಿಸಿರುತ್ತಾರೆ. ಆ ಬದಲಾವಣೆ ಸೋಲರ್‌ಕಾನ್ಫಿಗ್ ಫೈಲಿನಲ್ಲಿ ಕೂರುವುದಿಲ್ಲ. ಕಾನ್ಫಿಗ್‌ಓವರ್‌ಲೇ.ಜೆಸನ್ ಎಂಬ ಬೇರೆ ಫೈಲಿನಲ್ಲಿ ಕೂತು, ಮೂಲ ಫೈಲನ್ನು ಮೀರಿಸುತ್ತದೆ. ನೀವು ಗಿಟ್‌ನಿಂದ ಎಷ್ಟು ಸಲ ಅಪ್‌ಲೋಡ್ ಮಾಡಿದರೂ ಓವರ್‌ಲೇ ಅಲ್ಲೇ ಇರುತ್ತದೆ, ನೀವು ಬರೆದ ಬೆಲೆ ಜಾರಿಗೆ ಬರುವುದೇ ಇಲ್ಲ. ಫೈಲು ಸರಿಯಿದೆ, ರೀಲೋಡ್ ಆಗಿದೆ, ಆದರೂ ಕೆಲಸ ಮಾಡುತ್ತಿಲ್ಲ ಅಂದರೆ ಮೊದಲು ಈ ಫೈಲನ್ನು ಹುಡುಕಿ.

ಸ್ಕೀಮಾ ಎಪಿಐ ಬಳಸುವುದು ತಪ್ಪಾ?

ತಪ್ಪಲ್ಲ. ಫೀಲ್ಡ್ ಸೇರಿಸಿದರೆ ಝೂಕೀಪರ್‌ನ ಸ್ಕೀಮಾ ಬದಲಾಗುತ್ತದೆ, ರೀಲೋಡ್ ಕೂಡ ತಾನಾಗಿಯೇ ಆಗುತ್ತದೆ. ಡೆವಲಪ್‌ಮೆಂಟ್‌ನಲ್ಲಿ ನಾನೂ ಬಳಸುತ್ತೇನೆ. ತೊಂದರೆ ಬರುವುದು ಎರಡು ದಾರಿ ಬೆರೆಸಿದಾಗ. ಇವತ್ತು ಎಪಿಐಯಿಂದ ಒಂದು ಫೀಲ್ಡ್ ಸೇರಿಸಿ, ನಾಳೆ ಗಿಟ್‌ನಿಂದ ಹಳೆಯ ಸ್ಕೀಮಾ ಅಪ್‌ಲೋಡ್ ಮಾಡಿದರೆ ಆ ಫೀಲ್ಡ್ ಹೋಯಿತು.

ಒಂದನ್ನು ಆರಿಸಿ. ಗಿಟ್ ಎಂದು ಆರಿಸಿದರೆ, ಸ್ಕೀಮಾ ಫ್ಯಾಕ್ಟರಿಯಲ್ಲಿ ‘ಮ್ಯೂಟಬಲ್’ ಎಂಬುದನ್ನು ಸುಳ್ಳು ಎಂದು ಬರೆದು ಎಪಿಐ ಬಾಗಿಲು ಮುಚ್ಚಿ. ಕಾನ್ಫಿಗ್ ಎಪಿಐಗೂ ‘ಡಿಸೇಬಲ್.ಕಾನ್ಫಿಗ್‌ಎಡಿಟ್’ ಎಂಬ ಜಾವಾ ಸಿಸ್ಟಮ್ ಪ್ರಾಪರ್ಟಿ ಇದೆ.

ಹಲವು ಕಲೆಕ್ಷನ್‌ಗಳಿಗೆ ಒಂದೇ ಕಾನ್ಫಿಗ್‌ಸೆಟ್ ಇಡಬಹುದಾ?

ಇಡಬಹುದು. ತಿಂಗಳಿಗೊಂದು ಕಲೆಕ್ಷನ್ ಮಾಡುವ ಲಾಗ್‌ಗಳಂಥ ಕಡೆ ಅದೇ ಸರಿ. ಆದರೆ ಒಂದೊಂದು ಕಲೆಕ್ಷನ್ ಅನ್ನೂ ಬೇರೆ ಬೇರೆಯಾಗಿ ರೀಲೋಡ್ ಮಾಡಬೇಕು. ಒಂದನ್ನು ಮರೆತರೆ ಈರುಳ್ಳಿಯ ಕತೆಯೇ ಮತ್ತೆ. ಸ್ವಭಾವ ಬೇರೆ ಇರುವ ಕಲೆಕ್ಷನ್‌ಗಳಿಗೆ ಬೇರೆ ಸೆಟ್ ಇಡಿ. ಫೈಲುಗಳು ಎರಡೆರಡು ಆಗುತ್ತವೆ ಎಂಬ ಚಿಂತೆ ಬೇಡ, ಝೂಕೀಪರ್‌ನಲ್ಲಿ ಅವು ತೆಗೆದುಕೊಳ್ಳುವ ಜಾಗ ಬಹಳ ಕಡಿಮೆ.

ಹೊಸ ಕಾನ್ಫಿಗ್ ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ?

ಅದಕ್ಕೆ ಹೆಸರಿನಲ್ಲೇ ಆವೃತ್ತಿ ಇಡುವುದು ನನಗೆ ತುಂಬಾ ಇಷ್ಟವಾದ ದಾರಿ. ‘ದಿನಸಿ’ ಎಂಬ ಒಂದೇ ಸೆಟ್ ಮೇಲೆ ಮತ್ತೆ ಮತ್ತೆ ಬರೆಯುವ ಬದಲು, ‘ದಿನಸಿ_41’, ‘ದಿನಸಿ_42’ ಎಂದು ಪ್ರತಿ ಸಲ ಹೊಸ ಸೆಟ್ ಹಾಕಿ. ಆಮೇಲೆ ಕಲೆಕ್ಷನ್ಸ್ ಎಪಿಐಯ ‘ಮಾಡಿಫೈ ಕಲೆಕ್ಷನ್’ ಮೂಲಕ ಕಲೆಕ್ಷನ್ ಅನ್ನು 42ರ ಕಡೆ ತಿರುಗಿಸಿ. ಸರಿ ಬರಲಿಲ್ಲವಾ, 41ರ ಕಡೆ ಮತ್ತೆ ತಿರುಗಿಸಿ. ಉಳಿದುಹೋದ ಹಳೆಯ ಫೈಲುಗಳ ತೊಂದರೆಯೂ ಇದರಲ್ಲಿ ಬರುವುದಿಲ್ಲ, ಯಾಕೆಂದರೆ ಪ್ರತಿ ಸೆಟ್ ಹೊಸದಾಗಿ ಶುರುವಾಗುತ್ತದೆ. ಹಳೆಯ ಸೆಟ್‌ಗಳನ್ನು ಆಗಾಗ ಅಳಿಸುತ್ತಾ ಇರಿ. ಯಾವುದಾದರೂ ಕಲೆಕ್ಷನ್ ಬಳಸುತ್ತಿದ್ದರೆ ಕಾನ್ಫಿಗ್‌ಸೆಟ್ ಎಪಿಐ ಅಳಿಸಲು ಬಿಡುವುದಿಲ್ಲ, ಹಾಗಾಗಿ ಎಪಿಐ ಮೂಲಕವೇ ಅಳಿಸಿ.

ರೀಇಂಡೆಕ್ಸ್ ಬೇಕಾದ ಬದಲಾವಣೆಗೆ ಇಷ್ಟೇ ಸಾಲದು. ಆಗ ಏಲಿಯಾಸ್, ಅಂದರೆ ಕಲೆಕ್ಷನ್‌ಗೆ ಇಟ್ಟ ಇನ್ನೊಂದು ಹೆಸರು, ಬೇಕು. ಆ್ಯಪ್ ಯಾವಾಗಲೂ ಏಲಿಯಾಸ್ ಹೆಸರಿನಲ್ಲೇ ಹುಡುಕಲಿ. ಹೊಸ ಸೆಟ್‌ನಿಂದ ಹೊಸ ಕಲೆಕ್ಷನ್ ಮಾಡಿ, ಡಾಕ್ಯುಮೆಂಟ್ ಎಲ್ಲ ತುಂಬಿ, ಪರೀಕ್ಷಿಸಿ, ಏಲಿಯಾಸ್ ಅನ್ನು ಅದರ ಕಡೆ ತಿರುಗಿಸಿ. ಹಳೆಯ ಕಲೆಕ್ಷನ್ ಕೆಲವು ದಿನ ಹಾಗೇ ಇರಲಿ. ಡಿಸ್ಕ್ ಸ್ವಲ್ಪ ದಿನ ಎರಡರಷ್ಟು ಬೇಕಾಗುತ್ತದೆ. ಆ ಖರ್ಚಿಗೆ ನಾನು ಒಮ್ಮೆಯೂ ಪಶ್ಚಾತ್ತಾಪ ಪಟ್ಟಿಲ್ಲ.

ಸಮಾನಪದಗಳ ಫೈಲು ದೊಡ್ಡದು, ಅಪ್‌ಲೋಡ್ ಆಗುತ್ತಿಲ್ಲ. ಏನು ಮಾಡಲಿ?

ಝೂಕೀಪರ್‌ನಲ್ಲಿ ಒಂದು ಫೈಲು ಸುಮಾರು 1 ಎಂಬಿ ಮೀರುವಂತಿಲ್ಲ. ಅದು ಸಣ್ಣ ಸಣ್ಣ ಮಾಹಿತಿಯನ್ನು ಎಲ್ಲ ಸರ್ವರ್‌ಗಳೂ ಒಪ್ಪಿ ಹಿಡಿದಿಟ್ಟುಕೊಳ್ಳಲು ಮಾಡಿದ್ದು, ದೊಡ್ಡ ಫೈಲು ಹೊರಲು ಮಾಡಿದ್ದಲ್ಲ.

‘ಜೂಟ್.ಮ್ಯಾಕ್ಸ್‌ಬಫರ್’ ಎಂಬ ಜಾವಾ ಪ್ರಾಪರ್ಟಿಯಿಂದ ಈ ಮಿತಿ ಏರಿಸಬಹುದು. ಏರಿಸುವುದಾದರೆ ಎಲ್ಲ ಝೂಕೀಪರ್ ಸರ್ವರ್‌ಗಳಲ್ಲೂ, ಎಲ್ಲ ಸೋಲರ್ ನೋಡ್‌ಗಳಲ್ಲೂ, ಅಪ್‌ಲೋಡ್ ಮಾಡುವ ಕಮಾಂಡ್‌ನಲ್ಲೂ ಒಂದೇ ಬೆಲೆ ಇರಬೇಕು. ಒಂದು ಕಡೆ ಬಿಟ್ಟರೂ ಆ ನೋಡ್ ಫೈಲು ಓದಲಾರದೆ ನಿಲ್ಲುತ್ತದೆ. ನಾನು ಮೊದಲು ಮಾಡುವುದು ಫೈಲನ್ನು ಒಡೆಯುವುದು. ಸಮಾನಪದದ ಫಿಲ್ಟರ್‌ಗೆ ಅಲ್ಪವಿರಾಮ ಹಾಕಿ ಹಲವು ಫೈಲುಗಳ ಹೆಸರು ಕೊಡಬಹುದು. ತರಕಾರಿಗೊಂದು, ಊರಿನ ಹೆಸರಿಗೊಂದು, ಬ್ರ್ಯಾಂಡ್‌ಗೊಂದು ಎಂದು ಮಾಡಿದರೆ ತಿದ್ದುವವರಿಗೂ ಸಲೀಸು.

ಕನ್ನಡ ಪದಪಟ್ಟಿ ಹಾಕಿದೆ, ಒಂದು ಪದವೂ ಹೊಂದುತ್ತಿಲ್ಲ. ಯಾಕೆ?

ಮೊದಲು ಫೈಲು ಯೂನಿಕೋಡ್ ತಾನೇ ಎಂದು ನೋಡಿ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ, ಆ ಫಾಂಟ್ ಇದ್ದಾಗ ಮಾತ್ರ ಕನ್ನಡದಂತೆ ಕಾಣುತ್ತದೆ. ಸೋಲರ್‌ಗೆ ಅದು ಬರೀ ಲ್ಯಾಟಿನ್ ಅಕ್ಷರಗಳ ಸಾಲು. ಯುಟಿಎಫ್-8 ಆಗಿ ಉಳಿಸಿದ್ದರೆ ಸೋಲರ್ ತಕರಾರಿಲ್ಲದೆ ಓದಿಕೊಳ್ಳುತ್ತದೆ, ಪದ ಮಾತ್ರ ಎಲ್ಲೂ ಹೊಂದುವುದಿಲ್ಲ. ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಕಣ್ಣಿಂದ ಒಮ್ಮೆ ಓದಿ, ಆಮೇಲೆ ಹಾಕಿ.

ಯೂನಿಕೋಡ್ ಆದ ಮೇಲೂ ಒಂದು ತೊಡಕು ಇರುತ್ತದೆ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿ ಬರೆಯಬಹುದು, ಎರಡು ತುಂಡು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಪದಗಳ ನಡುವೆ ಕಾಣದೆ ಕೂತ ಜೋಡಕ ಅಕ್ಷರಗಳೂ ಹೀಗೆಯೇ ಕಾಡುತ್ತವೆ. ಸೋಲರ್‌ನ ಒಳಗಿರುವ ಲೂಸೀನ್ ಎಂಬ ಹುಡುಕಾಟದ ಲೈಬ್ರರಿಯಲ್ಲಿರುವ ಇಂಡಿಕ್ ನಾರ್ಮಲೈಜೇಷನ್ ಫಿಲ್ಟರ್‌ಗೆ ಕನ್ನಡ ಲಿಪಿ ಗೊತ್ತು. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ನಾರ್ಮಲೈಜರ್ ಕೂಡ ಒಳ್ಳೆಯದು. ಅನಲೈಜರ್‌ನಲ್ಲಿ ಇವನ್ನು ಸ್ಟಾಪ್‌ವರ್ಡ್ ಫಿಲ್ಟರ್‌ಗಿಂತ ಮೊದಲು ಇಡಿ. ಪಟ್ಟಿಯನ್ನೂ ಅದೇ ರೂಪಕ್ಕೆ ತಂದು ಹಾಕಿ.

ಐಸಿಯು ಬಳಸುವುದಾದರೆ ಕೆಲಸದ ಕ್ರಮ ಮುಖ್ಯ. ಅದು ‘ಅನಾಲಿಸಿಸ್-ಎಕ್ಸ್‌ಟ್ರಾಸ್’ ಎಂಬ ಬೇರೆ ಮಾಡ್ಯೂಲ್‌ನಲ್ಲಿದೆ. ಸೋಲರ್ 9ರಲ್ಲಿ ಅದನ್ನು ಪ್ರತಿ ನೋಡ್‌ನಲ್ಲೂ ಚಾಲೂ ಮಾಡಿ, ರೀಸ್ಟಾರ್ಟ್ ಮುಗಿಸಿ, ನಂತರ ಕಾನ್ಫಿಗ್‌ಸೆಟ್ ಅಪ್‌ಲೋಡ್ ಮಾಡಬೇಕು. ಉಲ್ಟಾ ಮಾಡಿದರೆ ಆ ಫಿಲ್ಟರ್ ಯಾರೆಂದೇ ಗೊತ್ತಿಲ್ಲ ಎಂದು ಕೋರ್ ಏಳುವುದಿಲ್ಲ.

ಟೆಸ್ಟ್ ಮತ್ತು ಪ್ರೊಡಕ್ಷನ್‌ಗೆ ಬೆಲೆಗಳು ಬೇರೆ. ಎರಡು ಸೆಟ್ ಇಡಬೇಕಾ?

ಬೇಡ. ಸೋಲರ್‌ಕಾನ್ಫಿಗ್‌ನಲ್ಲಿ ಡಾಲರ್ ಚಿಹ್ನೆ ಮತ್ತು ಹೂ ಆವರಣದ ಒಳಗೆ ಪ್ರಾಪರ್ಟಿಯ ಹೆಸರು ಬರೆದು, ವಿವರಣ ಚಿಹ್ನೆಯ ಮುಂದೆ ಡಿಫಾಲ್ಟ್ ಬೆಲೆ ಕೊಡಬಹುದು. ಸಾಫ್ಟ್ ಕಮಿಟ್ (ಹೊಸ ಡಾಕ್ಯುಮೆಂಟ್‌ಗಳು ಹುಡುಕಾಟಕ್ಕೆ ಕಾಣುವಂತೆ ಮಾಡುವುದು) ಎಷ್ಟು ಹೊತ್ತಿಗೊಮ್ಮೆ ಎಂಬಂಥದ್ದನ್ನು ಹೀಗೆ ಬರೆದು, ನಿಜವಾದ ಬೆಲೆಯನ್ನು ನೋಡ್‌ನ ಸ್ಟಾರ್ಟ್‌ಅಪ್ ಆಯ್ಕೆಗಳಲ್ಲಿ ಕೊಡಿ. ಟೆಸ್ಟ್‌ನಲ್ಲಿ ಪಾಸಾದ ಫೈಲೇ ಅಕ್ಷರ ಬದಲಾಗದೆ ಪ್ರೊಡಕ್ಷನ್‌ಗೆ ಹೋಗಬೇಕು.

ಹಾಗಾದರೆ ನೋಡ್‌ಗಳ ಮೇಲೆ ಯಾವ ಫೈಲೂ ಇರುವುದಿಲ್ಲವಾ?

ಇರುತ್ತವೆ. ಮೆಮೊರಿ ಎಷ್ಟು, ಝೂಕೀಪರ್ ಎಲ್ಲಿ ಎಂದು ಹೇಳುವ ಸೋಲರ್.ಇನ್.ಎಸ್‌ಎಚ್, ಲಾಗಿಂಗ್‌ನ ಫೈಲು, ಸೋಲರ್.ಎಕ್ಸ್‌ಎಂಎಲ್, ಪ್ಲಗಿನ್‌ಗಳ ಜಾರ್, ಇವು ಪ್ರತಿ ನೋಡ್‌ಗೂ ಹೋಗಬೇಕು. ಆನ್ಸಿಬಲ್‌ನಂಥ ಸಾಧನ ಅಥವಾ ಕಂಟೇನರ್ ಇಮೇಜ್ ಇದಕ್ಕೆ ಸರಿ. ಭದ್ರತೆಯ ಸೆಕ್ಯೂರಿಟಿ.ಜೆಸನ್ ಮಾತ್ರ ಝೂಕೀಪರ್‌ನಲ್ಲಿ ಇರುತ್ತದೆ.

ಕುಬರ್ನೆಟೀಸ್‌ನಲ್ಲಿ ಏನು ಬದಲಾಗುತ್ತದೆ?

ಕುಬರ್ನೆಟೀಸ್ ಅಂದರೆ ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ, ಅಲ್ಲೂ ತತ್ವ ಅದೇ. ಅಪ್‌ಲೋಡ್ ಮಾಡಿ ರೀಲೋಡ್ ಮಾಡುವ ಒಂದು ಜಾಬ್ ಬರೆದು, ಬಿಡುಗಡೆಗೊಮ್ಮೆ ಓಡಿಸಿ. ಕೆಲವರು ಅಪ್‌ಲೋಡನ್ನು ಪ್ರತಿ ಪಾಡ್ (ಕಂಟೇನರ್‌ಗಳ ಗುಂಪು) ಏಳುವ ಮುನ್ನ ಓಡುವ ಇನಿಟ್ ಕಂಟೇನರ್‌ನಲ್ಲಿ ಇಡುತ್ತಾರೆ. ಅದು ಅಪಾಯ. ಹಳೆಯ ಇಮೇಜ್ ಇರುವ ಒಂದು ಪಾಡ್ ಮಧ್ಯರಾತ್ರಿ ರೀಸ್ಟಾರ್ಟ್ ಆದರೆ, ಹೊಸ ಕಾನ್ಫಿಗ್ ಮೇಲೆ ಹಳೆಯದನ್ನು ಬರೆದುಬಿಡುತ್ತದೆ. ಫೈಲುಗಳನ್ನು ಕಾನ್ಫಿಗ್‌ಮ್ಯಾಪ್‌ನಲ್ಲಿ ಇಡುವವರು ನೆನಪಿಡಿ, ಅದಕ್ಕೂ ಒಟ್ಟು 1 ಎಂಬಿಯ ಮಿತಿ ಇದೆ. ಇಮೇಜ್ ಒಳಗೇ ಇಡುವುದು ಮೇಲು.

ನಾವಿನ್ನೂ ಹಳೆಯ ಲೀಡರ್–ಫಾಲೋವರ್ ವ್ಯವಸ್ಥೆಯಲ್ಲಿದ್ದೇವೆ. ಅಲ್ಲಿ ಹೇಗೆ?

ಒಂದು ಸರ್ವರ್ (ಲೀಡರ್) ಇಂಡೆಕ್ಸ್ ಮಾಡಿ, ಉಳಿದವು (ಫಾಲೋವರ್) ಅದನ್ನು ನಕಲು ಮಾಡಿಕೊಳ್ಳುವ ಆ ವ್ಯವಸ್ಥೆಯಲ್ಲಿ ಝೂಕೀಪರ್ ಇಲ್ಲ. ಲೀಡರ್‌ನ ರೆಪ್ಲಿಕೇಷನ್ ಹ್ಯಾಂಡ್ಲರ್‌ನಲ್ಲಿ ‘ಕಾನ್ಫ್‌ಫೈಲ್ಸ್’ ಎಂದು ಫೈಲುಗಳ ಹೆಸರು ಬರೆದರೆ, ಬದಲಾದವು ಇಂಡೆಕ್ಸ್ ಜೊತೆಗೇ ಫಾಲೋವರ್‌ಗೆ ಹೋಗುತ್ತವೆ. ಎರಡು ಕಡೆ ಬೇರೆ ಸೋಲರ್‌ಕಾನ್ಫಿಗ್ ಬೇಕಿದ್ದರೆ, ಲೀಡರ್‌ನಲ್ಲಿ ಒಂದು ಹೆಸರು, ಫಾಲೋವರ್‌ನಲ್ಲಿ ಇನ್ನೊಂದು ಹೆಸರು ಎಂದು ವಿವರಣ ಚಿಹ್ನೆ ಹಾಕಿ ಬರೆಯಬಹುದು. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಬರೀ ಕಾನ್ಫಿಗ್ ಬದಲಿಸಿದರೆ ಏನೂ ಸಾಗುವುದಿಲ್ಲ. ಲೀಡರ್‌ನ ಇಂಡೆಕ್ಸ್‌ನಲ್ಲಿ ಹೊಸ ಕಮಿಟ್ ಆದ ಮೇಲೆಯೇ ಫೈಲುಗಳು ಹೊರಡುತ್ತವೆ.

ಎಲಾಸ್ಟಿಕ್‌ಸರ್ಚ್‌ನಲ್ಲೂ ಹೀಗೇನಾ?

ಎಲಾಸ್ಟಿಕ್‌ಸರ್ಚ್ ಸೋಲರ್‌ನಂಥದ್ದೇ ಇನ್ನೊಂದು ಹುಡುಕಾಟದ ತಂತ್ರಾಂಶ, ಆದರೆ ಸ್ವಲ್ಪ ಬೇರೆ. ಅಲ್ಲಿ ಇಂಡೆಕ್ಸ್‌ನ ಮ್ಯಾಪಿಂಗ್, ಸೆಟ್ಟಿಂಗ್, ಟೆಂಪ್ಲೇಟ್ ಎಲ್ಲ ಎಪಿಐ ಮೂಲಕ ಹೋಗಿ ಕ್ಲಸ್ಟರ್‌ನ ಒಳಗೇ ಉಳಿಯುತ್ತವೆ. ಸಮಾನಪದಗಳನ್ನು ಫೈಲಿನಲ್ಲಿ ಇಟ್ಟರೆ ಮಾತ್ರ ಆ ಫೈಲನ್ನು ಪ್ರತಿ ನೋಡ್‌ನ ಕಾನ್ಫಿಗ್ ಫೋಲ್ಡರ್‌ಗೂ ನೀವೇ ನಕಲು ಮಾಡಬೇಕು. ಅದರ 8.10 ಆವೃತ್ತಿಯಲ್ಲಿ ಸಮಾನಪದಗಳಿಗೇ ಒಂದು ಎಪಿಐ ಬಂತು, ಆ ಕಷ್ಟ ತಪ್ಪಿತು.

ಭದ್ರತೆಯ ಬಗ್ಗೆ ಏನು ಗಮನಿಸಬೇಕು?

ಕಾನ್ಫಿಗ್ ಬದಲಿಸಬಲ್ಲವರು ಸರ್ವರ್ ಮೇಲೆ ಕೋಡ್ ಓಡಿಸಬಲ್ಲರು ಎಂದೇ ತಿಳಿಯಿರಿ. ಇದು ಉತ್ಪ್ರೇಕ್ಷೆ ಅಲ್ಲ. 2019ರಲ್ಲಿ ಹೊರಬಂದ ಸಿವಿಇ-2019-17558 (ಸಿವಿಇ ಅಂದರೆ ಭದ್ರತಾ ದೋಷಗಳಿಗೆ ಕೊಡುವ ಗುರುತು) ಎಂಬ ದೋಷದಲ್ಲಿ ವೆಲಾಸಿಟಿ ಟೆಂಪ್ಲೇಟ್ ಮೂಲಕ ಹೊರಗಿನವರು ಕೋಡ್ ಓಡಿಸಬಹುದಿತ್ತು. 2020ರ ಸಿವಿಇ-2020-13957 ನೇರವಾಗಿ ಕಾನ್ಫಿಗ್‌ಸೆಟ್ ಎಪಿಐಗೆ ಸೇರಿದ್ದು.

ಲಾಗಿನ್ ಇಲ್ಲದೆ ಎಪಿಐಯಿಂದ ಹಾಕಿದ ಸೆಟ್ ಅನ್ನು ಸೋಲರ್ ನಂಬುವುದಿಲ್ಲ. ಹೊರಗಿನ ಜಾರ್ ಸೇರಿಸುವ ‘ಲಿಬ್’ ಸಾಲು, ಎಕ್ಸ್‌ಎಸ್‌ಎಲ್‌ಟಿಯಂಥವು ಅದರಲ್ಲಿ ಕೆಲಸ ಮಾಡುವುದಿಲ್ಲ. 2020ರ ಆ ದೋಷದಲ್ಲಿ ಅಪ್‌ಲೋಡ್ ಮತ್ತು ಕ್ರಿಯೇಟ್ ಎರಡನ್ನು ಬೆರೆಸಿ ಈ ತಡೆಯನ್ನು ದಾಟಬಹುದಿತ್ತು. 8.6.2 ತನಕದ ಆವೃತ್ತಿಗಳಿಗೆ ಇದು ತಾಗುತ್ತಿತ್ತು. ಸೋಲರ್‌ಗೆ ಲಾಗಿನ್ ಹಾಕಿ. ಸೋಲರ್ ಮತ್ತು ಝೂಕೀಪರ್ ಪೋರ್ಟ್‌ಗಳನ್ನು ಹೊರಗಿನ ಇಂಟರ್ನೆಟ್‌ಗೆ ತೆರೆಯಬೇಡಿ. ಸೋಲರ್‌ಗೆ ಬೀಗ ಹಾಕಿ ಝೂಕೀಪರ್ ಬಾಗಿಲು ತೆರೆದಿಟ್ಟವರನ್ನು ನಾನು ಕಂಡಿದ್ದೇನೆ. ಅಲ್ಲಿಂದ ಒಳಬಂದವರಿಗೆ ಸೋಲರ್‌ನ ಬೀಗ ಲೆಕ್ಕಕ್ಕೇ ಇಲ್ಲ.

ಝೂಕೀಪರ್ ಸರ್ವರ್ ಬಿದ್ದಾಗ ಅಪ್‌ಲೋಡ್ ಮಾಡಬಹುದಾ?

ಬಹುಮತ ಉಳಿದಿದ್ದರೆ ಆಗುತ್ತದೆ. ಮೂರರಲ್ಲಿ ಒಂದು, ಐದರಲ್ಲಿ ಎರಡು ಬಿದ್ದರೂ ನಡೆಯುತ್ತದೆ. ಬಹುಮತ ಹೋದರೆ ಹುಡುಕಾಟ ಮುಂದುವರಿಯುತ್ತದೆ, ಆದರೆ ಹೊಸ ಡಾಕ್ಯುಮೆಂಟ್ ಹೋಗುವುದಿಲ್ಲ, ಕಾನ್ಫಿಗ್ ಕೂಡ ಹೋಗುವುದಿಲ್ಲ. ಸೋಲರ್ ಒಳಗೇ ಬರುವ ಝೂಕೀಪರ್, ಅಂದರೆ 9983 ಪೋರ್ಟ್‌ನದ್ದು, ನಿಮ್ಮ ಲ್ಯಾಪ್‌ಟಾಪ್‌ಗೆ ಮಾತ್ರ.

ಹಳೆಯ ಕ್ಲಸ್ಟರ್ ಒಂದು ಕೈಗೆ ಬಂದಿದೆ, ಗಿಟ್‌ನಲ್ಲಿ ಏನೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಏನನ್ನೂ ಅಪ್‌ಲೋಡ್ ಮಾಡಬೇಡಿ. ಮೊದಲು ಕ್ಲಸ್ಟರ್ ಸ್ಟೇಟಸ್ ತೆಗೆದು ಯಾವ ಕಲೆಕ್ಷನ್ ಯಾವ ಸೆಟ್ ಬಳಸುತ್ತಿದೆ ಎಂದು ಬರೆದುಕೊಳ್ಳಿ. ಪ್ರತಿ ಸೆಟ್ ಅನ್ನೂ ಡೌನ್‌ಕಾನ್ಫಿಗ್ ಮಾಡಿ, ಒಂದಕ್ಷರ ತಿದ್ದದೆ ಗಿಟ್‌ಗೆ ಹಾಕಿ. ಓವರ್‌ಲೇ ಫೈಲು ಸಿಕ್ಕರೆ ಅದನ್ನೂ ಹಾಕಿ.

ಆಮೇಲೆ ಪ್ರತಿ ರೆಪ್ಲಿಕಾದ ಕೋರ್‌ನಿಂದ ಸ್ಕೀಮಾ ಎಪಿಐ ಮೂಲಕ ಸ್ಕೀಮಾ ತರಿಸಿ, ಡೌನ್‌ಲೋಡ್ ಮಾಡಿದ ಫೈಲಿನ ಜೊತೆ ಹೋಲಿಸಿ. ಎರಡೂ ಒಂದೇ ಇದ್ದರೆ ಸಮಾಧಾನ. ಬೇರೆ ಇದ್ದರೆ, ನಿಮಗಿಂತ ಮೊದಲು ಇದ್ದವರು ಯಾರೋ ಅಪ್‌ಲೋಡ್ ಮಾಡಿ ರೀಲೋಡ್ ಮಾಡದೆ ಹೋಗಿದ್ದಾರೆ. ಅದು ಮರೆತದ್ದೋ, ಬೇಕೆಂದೇ ತಡೆದದ್ದೋ ಎಂದು ತಿಳಿಯುವ ತನಕ ಯಾವ ನೋಡ್ ಅನ್ನೂ ರೀಸ್ಟಾರ್ಟ್ ಮಾಡಬೇಡಿ.